ಸತ್ತವನ ಕೈಯಲ್ಲಿ ದಂಡವಿಲ್ಲ: ದಾನಶಾಸನಗಳ ಕೊನೆಯ ಸಾಲುಗಳಲ್ಲಿ ಮನವೊಲಿಕೆ

ದಾನಶಾಸನವನ್ನು ಓದುವವರು ಅರಸನ ಹೆಸರು, ಕಾಲ, ಬಿಟ್ಟ ಭೂಮಿ ಇವನ್ನು ಗುರುತುಹಾಕಿಕೊಂಡು ಕೊನೆಯ ಭಾಗವನ್ನು 'ಶಾಪಾಶಯ' ಎಂಬ ಒಂದೇ ಮಾತಿನಲ್ಲಿ ದಾಟಿಬಿಡುವುದುಂಟು. ಎಲ್ಲ ಕಲ್ಲುಗಳಲ್ಲೂ ಅದೇ ಹಸು, ಅದೇ ವಾರಣಾಸಿ, ಅದೇ ಹುಳು. ಆದರೆ ಶಾಸನದಲ್ಲಿ ಯಾರನ್ನಾದರೂ ಒಪ್ಪಿಸಲು ನಿಜವಾಗಿ ಹೆಣಗುವ ಭಾಗ ಇದೇ ಎಂಬುದು ನನ್ನ ಎಣಿಕೆ.

ದಾನಿಯ ಇಕ್ಕಟ್ಟನ್ನು ನೋಡಿ. ಬದುಕಿರುವವರೆಗೆ ಅವನ ಮಾತು ನಡೆಯುತ್ತದೆ. ದತ್ತಿಯನ್ನು ಕಸಿದುಕೊಳ್ಳಬಲ್ಲವನು ಇನ್ನೂ ಹುಟ್ಟದ ಅರಸ. ತನ್ನ ಮಗನೋ, ತನ್ನ ವಂಶವನ್ನೇ ಅಳಿಸಿ ಬಂದ ಶತ್ರುವೋ ತಿಳಿಯದು. ಸಾಮ, ದಾನ, ಭೇದ, ದಂಡಗಳಲ್ಲಿ ಸತ್ತವನಿಗೆ ಕೊನೆಯದು ಇಲ್ಲವೇ ಇಲ್ಲ. ಉಳಿದದ್ದು ಮಾತು ಮಾತ್ರ.

ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ ಈ ಮಾತು ತೀರ ಚಿಕ್ಕದು: ದತ್ತಿಯನ್ನು ಕೆಡಿಸಿದವನಿಗೆ ಮಹಾಪಾತಕ ತಟ್ಟುತ್ತದೆ ಎನ್ನುವಷ್ಟೇ. ತಾಮ್ರಪಟಗಳ ಸಂಸ್ಕೃತ ಶ್ಲೋಕಗಳು ಇನ್ನೂ ಚತುರ. ಅವನ್ನು ಹಲವೆಡೆ ವ್ಯಾಸರ ಹೆಸರಿನಲ್ಲಿ ಹೇಳಿಸುತ್ತಾರೆ. ದಾನಿಯ ಬಾಯಿಗಿಂತ ಋಷಿಯ ಬಾಯಿಗೆ ತೂಕ ಹೆಚ್ಚು. ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿರುವ ಬೆದರಿಕೆ. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಶ್ಲೋಕ ಕಸಿದವನ ಜೊತೆಗೆ, ಕಸಿಯಲು ಸಮ್ಮತಿಸಿದವನನ್ನೂ ನರಕಕ್ಕೆ ಕಳಿಸುತ್ತದೆ. ಇಲ್ಲಿ ಗುರಿ ಸಿಂಹಾಸನವಲ್ಲ, ಅದರ ಪಕ್ಕದಲ್ಲಿ ನಿಂತು ತಲೆಯಾಡಿಸುವ ಅಧಿಕಾರಿ.

ಇದಕ್ಕಿಂತ ಸೂಕ್ಷ್ಮವಾದದ್ದು ಆಸೆಯ ಮಾತು. ಸಗರನೇ ಮೊದಲಾಗಿ ಎಷ್ಟೋ ಅರಸರು ಈ ನೆಲವನ್ನು ಆಳಿದರು. ಭೂಮಿ ಯಾವಾಗ ಯಾರದೋ ಆಗಿನ ಫಲ ಅವರದೇ ಎನ್ನುತ್ತದೆ ಒಂದು ಶ್ಲೋಕ. ತಾನು ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಯುವುದೇ ಹೆಚ್ಚು ಎನ್ನುತ್ತದೆ ಮತ್ತೊಂದು. ಅಂದರೆ ಶತ್ರುವಿನ ದತ್ತಿಯನ್ನು ಉಳಿಸಿದರೂ ಪುಣ್ಯ ನಿನಗೇ, ಖಜಾನೆಯಿಂದ ಒಂದು ಕಾಸೂ ಖರ್ಚಿಲ್ಲ! ಇದನ್ನು ಬರೆದವನಿಗೆ ಅರಸರ ಲೆಕ್ಕಾಚಾರ ಚೆನ್ನಾಗಿ ಗೊತ್ತಿತ್ತು.

ಕೇಳುವವರು ಬದಲಾದಂತೆ ಮಾತೂ ಬದಲಾಗುತ್ತದೆ. ಕನ್ನಡ ಭಾಗದಲ್ಲಿ ಶ್ಲೋಕದ ನರಕ ಹಿಂದೆ ಸರಿದು ಕವಿಲೆ ಬರುತ್ತದೆ: ಕಾದವನಿಗೆ ಕೋಡು ಗೊರಸುಗಳಿಗೆ ಹೊನ್ನು ಕಟ್ಟಿಸಿದ ಸಾವಿರ ಹಸುಗಳನ್ನು ವಾರಣಾಸಿಯಲ್ಲಿ ದಾನ ಕೊಟ್ಟ ಫಲ, ಕೆಡಿಸಿದವನಿಗೆ ಅಷ್ಟೇ ಹಸುಗಳನ್ನು ಅಲ್ಲಿಯೇ ಕೊಂದ ಪಾಪ. ಓದು ಬಾರದವನಿಗೆ ಕಲ್ಲಿನ ತಲೆಯಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಕೊಂಕಣದ ಶಿಲಾಹಾರರ ಕಲ್ಲುಗಳಲ್ಲಿ ಕತ್ತೆಯ ಚಿತ್ರ ಕೆತ್ತಿ, ದತ್ತಿ ಮುರಿದವನ ತಾಯಿಯನ್ನೇ ಎಳೆದು ತರುತ್ತಾರೆ. ಊರ ಜಗಳದ ಬೈಗುಳ ಕಲ್ಲಿಗೇರಿದ ಹಾಗೆ. ಮುಂದೆ ಹಿಂದೂಗಳಿಗೆ ಹಸುವಿನ, ಮುಸಲ್ಮಾನರಿಗೆ ಹಂದಿಯ ಆಣೆ ಹಾಕುವ ಬರಹಗಳೂ ಬಂದವು. ಯಾರ ಮೈ ಯಾವುದಕ್ಕೆ ನಡುಗುತ್ತದೆ ಎಂಬುದನ್ನು ಅರಿತ ಕೈಗಳು ಇವು.

ಈ ಪರಂಪರೆಯಲ್ಲಿ ಶ್ರವಣಬೆಳಗೊಳದಲ್ಲಿರುವ, ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನ ಬೇರೆಯೇ ದಾರಿ ಹಿಡಿಯುತ್ತದೆ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿನ ವಿಚಾರಕ್ಕೆ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ದೂರು ತಂದರು. ಅರಸ ಹದಿನೆಂಟು ನಾಡಿನ ಶ್ರೀವೈಷ್ಣವರ ಮುಂದೆ ಜೈನರ ಕೈಯನ್ನು ಹಿಡಿದು ಅವರ ಕೈಯಲ್ಲಿ ಇಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ ಎಂಬ ಘೋಷಣೆ ಇಂದಿಗೂ ಸಭೆಗಳಲ್ಲಿ ಕೇಳಿಬರುತ್ತದೆ. ನನಗೆ ಮುಖ್ಯವೆನಿಸುವುದು ಅದರ ಹಿಂದಿರುವ ಏರ್ಪಾಡು. ಜೈನರಿಗೆ ಆದ ಹಾನಿ ವೈಷ್ಣವರಿಗೇ ಆದ ಹಾನಿಯೆಂದು ಬಗೆಯಬೇಕು. ಈ ಶಾಸನವನ್ನು ಬಸದಿಗಳಲ್ಲಿ ನಿಲ್ಲಿಸಬೇಕಾದವರು ಶ್ರೀವೈಷ್ಣವರೇ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ ಶ್ರೀವೈಷ್ಣವನಾದ ತಿರುಮಲೆಯ ತಾತಯ್ಯನ ಮೂಲಕ ಬೆಳಗೊಳಕ್ಕೆ 20 ಕಾವಲಿನವರನ್ನು ನೇಮಿಸಬೇಕು, ಉಳಿದದ್ದು ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಲು. ಮುರಿಯಬಹುದಾದವನ ಕೈಗೇ ಬೀಗದ ಕೈ!

ಶಾಪ ಇಲ್ಲಿಯೂ ಇದೆ, ಗಂಗೆಯ ತಡಿಯ ಗೋಹತ್ಯೆಯೂ ಇದೆ. ಆದರೆ ಅದಕ್ಕೂ ಮೊದಲು, ತಪ್ಪಿದವನು ರಾಜದ್ರೋಹಿ, ಸಂಘಕ್ಕೆ ಮತ್ತು ಸಮುದಾಯಕ್ಕೆ ದ್ರೋಹಿ ಎನ್ನುತ್ತದೆ ಶಾಸನ. ಪರಲೋಕದ ಹುಳುವಾಗುವುದಕ್ಕಿಂತ ಇಹದಲ್ಲಿ ತನ್ನವರ ನಡುವೆ ತಲೆ ತಗ್ಗಿಸುವುದು ಹತ್ತಿರದ ಭಯ.

ಇಂಥ ಮಾತುಗಳು ಎಷ್ಟು ಫಲಿಸಿದವು? ನಿಂತುಹೋದ ದತ್ತಿಗಳನ್ನು ಮತ್ತೆ ನಡೆಸಿಕೊಟ್ಟ ಶಾಸನಗಳೇ ಶಾಪಕ್ಕೆ ಅಂಜದವರೂ ಇದ್ದರೆಂದು ಹೇಳುತ್ತವೆ. ಬೆಳಗೊಳದ ಅದೇ ಕಲ್ಲಿನಲ್ಲಿ ಇನ್ನೊಂದು ಬರಹವುಂಟು. ಕಲ್ಲೆಹದ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದನು. ಎರಡೂ ಮತದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.