ಚಾಕುವಿನ ಆಕಾರ ಯಾರು ನಿರ್ಧರಿಸ್ತಾರೆ? ಹಳ್ಳೂರಿನ ಕಬ್ಬಿಣದಿಂದ ರಾಣೆಬೆನ್ನೂರಿನ ಜಾಲಿಮುಳ್ಳಿನವರೆಗೆ

ಇವತ್ತಿನ ಸಂಚಿಕೆ ಚಾಕುವಿನ ಬಗ್ಗೆ. ಅಡುಗೆಮನೆಯ ಚಾಕು ಅಲ್ಲ, ಬುಷ್‌ಕ್ರಾಫ್ಟ್ ಚಾಕು. ಕಾಡಲ್ಲಿ, ಬಯಲಲ್ಲಿ ಸಿಗೋ ಸಾಮಗ್ರಿಯಿಂದಲೇ ಬೆಂಕಿ, ನೆರಳು, ಊಟ ಹೊಂದಿಸಿಕೊಳ್ಳುವ ಕಲೆಗೆ ಬುಷ್‌ಕ್ರಾಫ್ಟ್ ಅಂತಾರೆ. ಅದಕ್ಕೆ ಬೇಕಾದ ಮುಖ್ಯ ಹತ್ಯಾರ ಒಂದು ಒಳ್ಳೆ ಚಾಕು. ಅದನ್ನ ಅಂಗಡಿಯಲ್ಲಿ ಕೊಳ್ಳದೆ ಸ್ವಂತ ಕೈಯಿಂದ ಮಾಡ್ಕೋಬೇಕು ಅನ್ನೋ ಆಸೆ ನನಗೆ ಬಹಳ ದಿನದಿಂದ ಇದೆ. ನಿಮ್ಮಲ್ಲೂ ಹಲವರಿಗೆ ಇರಬಹುದು.

ಮಾಡೋದು ಆಮೇಲಿನ ಮಾತು. ಮೊದಲ ಪ್ರಶ್ನೆ, ಯಾವ ಡಿಸೈನ್? ಯೂಟ್ಯೂಬ್ ತೆರೆದ್ರೆ ನೂರು ನಮೂನೆ ಸಿಗುತ್ತೆ. ಫಿನ್ಲೆಂಡಿನ ಪುಕ್ಕೊ, ಬೆನ್ನಿಗೆ ಗರಗಸದ ಹಲ್ಲು ಇರೋ ಸಿನಿಮಾ ಚಾಕು, ಅಂಗೈ ಅಗಲದ ಮಚ್ಚು. ನಾನು ಉತ್ತರವನ್ನ ಫೋನಿನಲ್ಲಿ ಹುಡುಕೋದು ಬಿಟ್ಟು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಹುಡುಕಿದೆ. ಯಾಕಂದ್ರೆ ಹಾವೇರಿ ಸೀಮೆಯಲ್ಲಿ ಜನ ಈ ಪ್ರಶ್ನೆಗೆ ಮೂರು ಸಾವಿರ ವರ್ಷದಿಂದ ಉತ್ತರ ಕೊಡ್ತಾನೇ ಬಂದಿದ್ದಾರೆ.

ಶುರು ಮಾಡೋದು ಹಳ್ಳೂರಿನಿಂದ. ಹಿರೇಕೆರೂರು ಭಾಗದಲ್ಲಿ ತುಂಗಭದ್ರಾ ದಂಡೆಯ ಮೇಲಿರುವ ಊರು. 1960ರ ದಶಕದಲ್ಲಿ, ಅಂದ್ರೆ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದಾಗ, ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ಮಾಡಿದರು. ಕೆಳಗಿನ ಪದರಗಳಲ್ಲಿ ನವಶಿಲಾಯುಗದ ಜನರ ಕಲ್ಲಿನ ಉಪಕರಣ ಸಿಕ್ಕವು. ಉಜ್ಜಿ ನಯ ಮಾಡಿದ ಕೊಡಲಿಗಳು, ಚಿಕ್ಕ ಚಿಕ್ಕ ಕಲ್ಲಿನ ಅಲಗುಗಳು. ಅದರ ಮೇಲಿನ ಹಂತದಲ್ಲಿ ಕಬ್ಬಿಣ ಕಾಣಿಸಿಕೊಂಡಿತು. ಇಂಗಾಲದ ಪರೀಕ್ಷೆಯಲ್ಲಿ ಅದರ ಕಾಲ ಸುಮಾರು ಕ್ರಿ.ಪೂ. 1000 ಅಂತ ಬಂತು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಎಷ್ಟು ಹಳೆಯದು ಅನ್ನೋ ಚರ್ಚೆಯಲ್ಲಿ ಹಳ್ಳೂರಿನ ಹೆಸರು ಇವತ್ತಿಗೂ ಬರುತ್ತೆ.

ಈಗ ಆ ಕಾಲದ ಕುಶಲಕರ್ಮಿಯ ಜಾಗದಲ್ಲಿ ನಿಂತು ಯೋಚಿಸಿ. ಕಲ್ಲಿನ ಅಲಗು ಬಹಳ ಹರಿತ, ಆದ್ರೆ ಬಾಗಲ್ಲ, ಪಟ್ಟನೆ ಮುರಿಯುತ್ತೆ. ಅದಕ್ಕೇ ಕಲ್ಲಿನ ಅಲಗು ಚಿಕ್ಕದಾಗಿರುತ್ತೆ. ಕಬ್ಬಿಣದಲ್ಲಾದ್ರೆ ಉದ್ದ ಮತ್ತು ಬಾಗು ಎರಡೂ ಸಾಧ್ಯ. ಕಾಯಿಸಿ, ಬಡಿದು, ಬೇಕಾದ ಹಾಗೆ ತಿರುವಬಹುದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಬೃಹತ್ ಶಿಲಾ ಸಮಾಧಿಗಳ ಕಾಲದ ಕಬ್ಬಿಣದ ಸಾಮಾನುಗಳಲ್ಲಿ ಕುಡುಗೋಲೂ ಇತ್ತು. ಆಗಿನ ಕುಡುಗೋಲಿನ ಬಾಗು ಇವತ್ತು ಬ್ಯಾಡಗಿ ಸಂತೆಯಲ್ಲಿ ಸಿಗೋ ಕುಡುಗೋಲಿಗೆ ದೂರದ್ದೇನೂ ಅಲ್ಲ.

ಆ ಬಾಗು ಯಾಕೆ ಬದಲಾಗಲಿಲ್ಲ? ಜೋಳದ ದಂಟು ಕೊಯ್ಯುವಾಗ ನೋಡಿ. ಎಡಗೈ ದಂಟನ್ನ ಹಿಡಿಯುತ್ತೆ, ಬಲಗೈ ಕುಡುಗೋಲನ್ನ ತನ್ನ ಕಡೆ ಎಳೆಯುತ್ತೆ. ನೇರ ಅಲಗಾದ್ರೆ ದಂಟು ಜಾರಿ ತುದಿಯಿಂದ ತಪ್ಪಿಸಿಕೊಳ್ಳುತ್ತೆ. ಬಾಗಿದ ಅಲಗು ಅದನ್ನ ಒಳಗೆ ಹಿಡಿದಿಟ್ಟುಕೊಂಡೇ ಸೀಳುತ್ತೆ. ಅದೇ ಹೊಲದ ಪಕ್ಕ ಬ್ಯಾಡಗಿ ಮೆಣಸಿನಕಾಯಿ ಇದ್ರೆ ಕುಡುಗೋಲೇ ಬೇಡ, ಬೆರಳು ಸಾಕು. ಹತ್ತಿಗೂ ಅಷ್ಟೇ. ಅಂದ್ರೆ ಹತ್ಯಾರದ ಆಕಾರ ನಿರ್ಧರಿಸೋದು ಬೆಳೆ.

ಅಡುಗೆಮನೆಗೆ ಬನ್ನಿ. ನಮ್ಮ ಅಜ್ಜಿಯಂದಿರ ಈಳಿಗೆಮಣೆಯಲ್ಲಿ ಅಲಗು ನಿಂತಲ್ಲೇ ನಿಂತಿರುತ್ತೆ, ಕೈ ಚಲಿಸುತ್ತೆ. ಮಣೆ ಮೇಲೆ ಕಾಲಿಟ್ಟರೆ ಎರಡೂ ಕೈ ಖಾಲಿ. ನೆಲದ ಮೇಲೆ ಕೂತು ಅಡುಗೆ ಮಾಡೋ ಮನೆಗೆ ಇದಕ್ಕಿಂತ ಒಳ್ಳೆ ಡಿಸೈನ್ ಇಲ್ಲ. ಕಟ್ಟೆ ಮೇಲೆ ಗ್ಯಾಸ್ ಒಲೆ ಬಂತು, ನಾವು ನಿಂತು ಅಡುಗೆ ಮಾಡೋಕೆ ಶುರು ಮಾಡಿದ್ವಿ, ಈಳಿಗೆ ಮೂಲೆ ಸೇರಿತು. ಅದರ ಉಕ್ಕು ಕೆಟ್ಟಿರಲಿಲ್ಲ, ನಮ್ಮ ಭಂಗಿ ಬದಲಾಗಿತ್ತು ಅಷ್ಟೇ.

ಉಕ್ಕು ಅಂದೆ. ಈ ಪದದ ಪಯಣವೂ ಕೇಳೋ ಹಾಗಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ‘ವೂಟ್ಜ್’ ಎಂಬ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದರು. ಆ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದದ್ದು ಅಂತ ಬಹಳ ವಿದ್ವಾಂಸರು ಹೇಳ್ತಾರೆ. ಮುಂದೆ ವಿಜ್ಞಾನಿ ಮೈಕೆಲ್ ಫ್ಯಾರಡೆ, ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಈ ಉಕ್ಕಿನ ಗುಟ್ಟು ತಿಳಿಯೋಕೆ ಪ್ರಯೋಗ ಮಾಡಿದರು. 1820ರಲ್ಲಿ ಅದು ಪ್ರಕಟವೂ ಆಯಿತು.

ಹೆಮ್ಮೆ ಪಡೋಣ. ಆದ್ರೆ ವೂಟ್ಜ್‌ನಲ್ಲಿ ಇಂಗಾಲ ಹೆಚ್ಚು, ಶೇ. 1ರಿಂದ 2ರವರೆಗೆ. ಕಾಯಿಸುವಾಗ ಬಿಸಿ ಮಿತಿ ಮೀರಿದ್ರೆ ಸುತ್ತಿಗೆ ಕೆಳಗೇ ಪುಡಿಯಾಗುತ್ತೆ. ಅದು ಕತ್ತಿಗೆ ಹೋಗುವ ದುಬಾರಿ ಲೋಹ. ಊರಿನ ಕಂಬಾರ ರೈತನಿಗೆ ಮಾಡಿಕೊಡ್ತಾ ಇದ್ದ ಕುಡುಗೋಲು, ಕುರ್ಪಿ ಬೇರೆ ಲೆಕ್ಕದ್ದು: ಮಣಿದರೂ ಮುರಿಯಬಾರದು, ಹೊಲದ ಬದುವಿನ ಕಲ್ಲಿಗೆ ತಿಕ್ಕಿದ್ರೆ ಮತ್ತೆ ಹರಿತ ಆಗಬೇಕು, ಹಿಡಿಕೆ ಮುರಿದ್ರೆ ರೈತನೇ ಹೊಸದು ಹಾಕ್ಕೋಬೇಕು. ಅದಕ್ಕೇ ಅಲಗಿನ ಬಾಲ ಸಣ್ಣ. ಅದನ್ನ ಕೆಂಪಗೆ ಕಾಯಿಸಿ ಮರದ ಹಿಡಿಕೆಯೊಳಗೆ ಸುಟ್ಟು ಇಳಿಸ್ತಾರೆ. ಕಬ್ಬಿಣ ಉಳಿಯುತ್ತೆ, ರಿಪೇರಿ ಸುಲಭ.

ಆ ಕಂಬಾರ ಹಳೆಯ ಆಯಗಾರ ಪದ್ಧತಿಯ ಭಾಗ. ಅವನಿಗೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಿಗ್ತಿತ್ತು. ಒಂದೊಂದು ಕುಡುಗೋಲಿಗೆ ಒಂದೊಂದು ಬೆಲೆ ಅಂತ ಇರಲಿಲ್ಲ. ಅವನು ಮಾಡಿದ ಹತ್ಯಾರ ಕೆಟ್ಟರೆ ಅವನ ಕುಲುಮೆಗೇ ವಾಪಸ್ ಬರ್ತಿತ್ತು. ಹಾಗಾಗಿ ಯಾವ ರೈತ ಎಡಗೈಯವನು, ಯಾರ ಹೊಲದಲ್ಲಿ ಕಲ್ಲು ಜಾಸ್ತಿ ಅಂತ ಅವನಿಗೆ ಗೊತ್ತಿರ್ತಿತ್ತು. ಡಿಸೈನ್ ಅಂದ್ರೆ ಆ ಮಾತುಕತೆಯೇ. ಅದು ಯಾವ ಕಾಗದದಲ್ಲೂ ಇಲ್ಲ. ಕುಲುಮೆ ಮುಚ್ಚಿದ ಊರಲ್ಲಿ ಅದು ಕುಲುಮೆ ಜೊತೆಗೇ ಹೋಗುತ್ತೆ. ನನಗೆ ಚಿಂತೆ ಇರೋದು ಇಲ್ಲೇ.

ನಮ್ಮ ಭಾಗದ ವೀರಗಲ್ಲುಗಳನ್ನ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ವೀರ ಕತ್ತಿ, ಬಿಲ್ಲು, ಗುರಾಣಿ ಹಿಡಿದು ಹೋರಾಡ್ತಾನೆ, ಮಧ್ಯದಲ್ಲಿ ಅಪ್ಸರೆಯರು ಅವನನ್ನ ಒಯ್ತಾರೆ, ಮೇಲೆ ಲಿಂಗದ ಸನ್ನಿಧಿ. ಕತ್ತಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿತು, ದಿನಾ ಅನ್ನ ಕೊಟ್ಟ ಕುಡುಗೋಲಿಗೆ ಸಿಗಲಿಲ್ಲ. ಈಗಿನ ಪರದೆಯಲ್ಲೂ ಅದೇ ಕಥೆ. 1995ರ ‘ಓಂ’ ಸಿನಿಮಾದ ನಂತರ ‘ಲಾಂಗು’ ಕನ್ನಡ ಚಿತ್ರಗಳ ಕಾಯಂ ಪಾತ್ರಧಾರಿ ಆಯ್ತು. ರೀಲ್ಸ್‌ಗಾಗಿ ಮಚ್ಚು ಹಿಡಿದು ಕೇಸ್ ಹಾಕಿಸಿಕೊಂಡವರ ಸುದ್ದಿ ನೀವೂ ಓದಿದ್ದೀರಿ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತೆ ಗೊತ್ತಾ? 1959ರ ಆಯುಧ ಕಾಯ್ದೆಯ ಅಡಿಯ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಚೂರಿಗಳು ಬರ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆಂದು ರೂಪಿಸಿದವನ್ನ ಮಾತ್ರ ಅದು ಹೊರಗಿಡುತ್ತೆ. ಅಂದ್ರೆ ಕಾನೂನೂ ಕಂಬಾರನ ಪ್ರಶ್ನೆಯನ್ನೇ ಕೇಳುತ್ತೆ: ಇದನ್ನ ಯಾವ ಕೆಲಸಕ್ಕೆ ಮಾಡಿದ್ದು?

ಸರಿ, ನಮ್ಮ ಚಾಕುವಿಗೆ ಬರೋಣ. ಯೂಟ್ಯೂಬಿನ ಬಹುಪಾಲು ಬುಷ್‌ಕ್ರಾಫ್ಟ್ ಚಾಕುಗಳ ಮೂಲ ಉತ್ತರ ಯುರೋಪ್. ಅಲ್ಲಿ ಬರ್ಚ್, ಪೈನ್ ಥರದ ಮೆದು ಮರ. ನಮ್ಮಲ್ಲಿ? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಘೋಷಣೆ ಆದದ್ದು, ಸುಮಾರು 119 ಚದರ ಕಿ.ಮೀ. ಅದರ ಸುತ್ತಲಿನ ಬಯಲು ಅಂದ್ರೆ ಕುರುಚಲು, ಜಾಲಿ, ಮುಳ್ಳು. ಅಭಯಾರಣ್ಯದ ಒಳಗೆ ಕಡ್ಡಿಯನ್ನೂ ಕಡಿಯೋ ಹಾಗಿಲ್ಲ, ಅದು ಅಪರಾಧ. ಹೊರಗಿನ ನಿಮ್ಮದೇ ಹೊಲದ ಬದುವಿನಲ್ಲೂ ಜಾಲಿ ಗಟ್ಟಿ ಮರ. ಮುಳ್ಳಿನ ಟೊಂಗೆಗೆ ಕೈ ಹತ್ತಿರ ಹೋಗಬಾರದು. ಅದಕ್ಕೇ ಕುರಿಗಾಹಿಗಳು ಉದ್ದ ಕೋಲಿನ ತುದಿಗೆ ಕುಡುಗೋಲು ಕಟ್ಟಿ ದೂರದಿಂದ ಎಳೀತಾರೆ. ಆ ಕೆಲಸವನ್ನ ಚಾಕುವಿಗೆ ಕೊಡಬಾರದು.

ಹಾಗಾದ್ರೆ ಚಾಕುವಿಗೆ ಉಳಿಯೋದು ಸಣ್ಣ ಕೆಲಸ. ಕಡ್ಡಿ ಕೆತ್ತೋದು, ಬೆಂಕಿಗೆ ಸಿಪ್ಪೆ ಎಬ್ಬಿಸೋದು, ಹಗ್ಗ ಕೊಯ್ಯೋದು, ಈರುಳ್ಳಿ ಹೆಚ್ಚೋದು. ಇದಕ್ಕೆ ನಾನು ಆರಿಸಿದ ಡಿಸೈನ್ ಹೀಗಿದೆ. ಅಲಗು 4 ಇಂಚು, ಅಂದ್ರೆ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ದಪ್ಪ 3 ಮಿ.ಮೀ. ಬಾಯಿ ಬಹುತೇಕ ನೇರ, ತುದಿ ಹತ್ತಿರ ಮಾತ್ರ ಸಣ್ಣ ಉಬ್ಬು. ಬೆನ್ನು ಚೌಕ, ಗರಗಸದ ಹಲ್ಲು ಬೇಡ, ಹೆಬ್ಬೆರಳು ಒತ್ತೋಕೆ ಆ ಜಾಗ ಬೇಕು. ಕಬ್ಬಿಣ ಈಗ ದುಬಾರಿ ಅಲ್ಲ, ಹಾಗಾಗಿ ಬಾಲವನ್ನ ಹಿಡಿಕೆಯ ಪೂರ್ತಿ ಉದ್ದಕ್ಕೆ ಬಿಡ್ತೀನಿ. ಹಿಡಿಕೆ ಸಾದಾ, ಬೆರಳಿಗೆ ಗುಂಡಿ ಬೇಡ. ಎಡಕ್ಕೆ, ಬಲಕ್ಕೆ, ಹಿಂದುಮುಂದಾಗಿ ಹೇಗೆ ಹಿಡಿದರೂ ಕೂರಬೇಕು.

ಲೋಹ? ಹಳೆ ಲಾರಿಯ ಲೀಫ್ ಸ್ಪ್ರಿಂಗ್. ಅದರಲ್ಲಿ ಇಂಗಾಲ ಶೇ. 0.6ರ ಆಸುಪಾಸು. ವೂಟ್ಜ್‌ನಷ್ಟು ಹರಿತ ನಿಲ್ಲಲ್ಲ, ಆದ್ರೆ ಬೀಳಿಸಿದ್ರೂ ಮುರಿಯಲ್ಲ, ಕಲ್ಲಿಗೆ ಬೇಗ ಸಾಣೆ ಹಿಡಿಯುತ್ತೆ. ಬಿರುಕು ಬಿಟ್ಟ ಸ್ಪ್ರಿಂಗ್ ಮಾತ್ರ ಬೇಡ, ಕಣ್ಣಿಗೆ ಕಾಣದ ಸೀಳು ಒಳಗೆ ಇರಬಹುದು. ಅಯಸ್ಕಾಂತ ಅಂಟದಷ್ಟು ಕಾಯಿಸಿ, ಅದರ ಮೇಲೆ ಇನ್ನೂ ತುಸು ಬಿಸಿ ಮಾಡಿ ಎಣ್ಣೆಗೆ ಅದ್ದಿದ್ರೆ ಗಟ್ಟಿಯಾಗುತ್ತೆ. ಆಮೇಲೆ 200 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಹದ ಮಾಡಬೇಕು, ಇಲ್ಲಾಂದ್ರೆ ಗಾಜಿನ ಥರ ಒಡೆಯುತ್ತೆ. ಇದನ್ನ ಮನೆ ಹಿತ್ತಲಲ್ಲಿ ಒಬ್ಬರೇ ಮಾಡೋಕೆ ಹೋಗಬೇಡಿ. ಕುಲುಮೆ ಇರುವ ಕಡೆ, ಗೊತ್ತಿರೋರ ಪಕ್ಕದಲ್ಲಿ ಮಾಡಿ.

ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ, ಆಮೇಲೆ ಮರದ ತುಂಡಿನಲ್ಲಿ. ಎರಡು ದಿನ ಕೈಯಲ್ಲಿ ಹಿಡಿದು ಕೆಲಸದ ನಟನೆ ಮಾಡಿ ನೋಡಿ. ಆಮೇಲೆ ಅದನ್ನ ಹತ್ತಿರದ ಕಂಬಾರರ ಹತ್ತಿರ ತಗೊಂಡು ಹೋಗಿ. ಅವರು ಕೇಳೋ ಮೊದಲ ಪ್ರಶ್ನೆ ‘ಇದರಿಂದ ಏನ್ ಮಾಡ್ತೀರಿ?’ ಅಂತಾನೇ ಇರುತ್ತೆ. ಉತ್ತರ ಸಿದ್ಧ ಇಟ್ಕೊಳ್ಳಿ. ಅವರು ಹೇಳೋದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ. ನಿಮ್ಮ ಊರಲ್ಲಿ ಇನ್ನೂ ಉರೀತಾ ಇರುವ ಕುಲುಮೆ ಇದ್ದರೆ ಅಲ್ಲಿ ಯಾವ ಯಾವ ಹತ್ಯಾರ ಮಾಡ್ತಾರೆ, ಅವಕ್ಕೆ ಏನೇನು ಹೆಸರು ಅಂತ ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.