ಒಂದೇ ಬಲ್ಬಿನ ಪರವಾನಗಿ

ದೇವದುರ್ಗ ತಾಲ್ಲೂಕಿನ ಗೂಗಲ್‌ನಲ್ಲಿ ಅಲ್ಲಮಪ್ರಭುವಿನ ಗುಡಿ ಇದೆ, ಪಕ್ಕದಲ್ಲೇ ಕೃಷ್ಣೆ. ಅಲ್ಲಮ ಇಲ್ಲಿನ ಗವಿಯಲ್ಲಿ ಇದ್ದನೆಂಬುದು ಊರವರ ನಂಬಿಕೆ. ಮೇ ತಿಂಗಳ ಮಧ್ಯಾಹ್ನ ಈ ಕಡೆ ಬಂದವರಿಗೆ ಗವಿ ಯಾಕೆ ಬೇಕಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಸೀಮೆಯಲ್ಲಿ ತಂಪಿಗೆ ಹಿಂದೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ರಾತ್ರಿ ಮಾಳಿಗೆ ಮೇಲೆ ಹಾಸಿಗೆ, ಮೂಲೆಯಲ್ಲಿ ನೀರಿನ ಗಡಿಗೆ. ಅಪ್ಪಣೆಯ ಮಾತು ಬಂದದ್ದು ಕರೆಂಟಿನ ಜೊತೆ. ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ 1956ರಲ್ಲೇ ಭಾರತೀಯ ವಿದ್ಯುತ್ ನಿಯಮಗಳೂ ಬಂದವು. ಅದರ 45ನೇ ನಿಯಮದ ಪ್ರಕಾರ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸಲು ವಿನಾಯಿತಿ ಇತ್ತು, ಆದರೆ ಮನೆಯ ವಿದ್ಯುತ್ ಸಾಮರ್ಥ್ಯ ಬದಲಾಗಬಾರದು. ಏಸಿ ಕೂರಿಸುವವರು ಇವತ್ತಿಗೂ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕಾಗಬಹುದು. ಇತ್ತ 1993ರ ಪಂಚಾಯತ್ ರಾಜ್ ಕಾಯ್ದೆ ಹಿಟ್ಟಿನ ಗಿರಣಿಯಂಥ ಯಂತ್ರಕ್ಕೆ ಗ್ರಾಮ ಪಂಚಾಯಿತಿಯ ಒಪ್ಪಿಗೆ ಕೇಳುತ್ತದೆ. ಮನೆಯ ಕೂಲರಿನ ಗೊಡವೆಗೆ ಅದು ಬರುವುದಿಲ್ಲ.

ಏಸಿಯ ಮಾತು ಇರಲಿ. ಬಡವರ ಮನೆಯಲ್ಲಿ ತಂಪಿಗೆ ಅಡ್ಡ ನಿಂತ ನಿಯಮ ಬೇರೆ, ಮತ್ತು ಅದು ಬಂದದ್ದು ಉಪಕಾರದ ರೂಪದಲ್ಲಿ. 1970ರ ದಶಕದ ಕೊನೆಗೆ ರಾಜ್ಯದ ಭಾಗ್ಯಜ್ಯೋತಿ, 1988-89ರಲ್ಲಿ ಕೇಂದ್ರದ ಕುಟೀರಜ್ಯೋತಿ ಗುಡಿಸಲುಗಳಿಗೆ ದೀಪ ತಂದವು. ಕತ್ತಲೆ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಷರತ್ತು ನೋಡಿ: ಮನೆಗೆ ಒಂದೇ ದೀಪದ ಪಾಯಿಂಟ್, ತಿಂಗಳಿಗೆ 18 ಯೂನಿಟ್. ಎರಡನೇ ಪಾಯಿಂಟ್ ಕಂಡರೆ ಅಥವಾ ಯೂನಿಟ್ ಮೀರಿದರೆ ಉಳಿದ ಮನೆಗಳ ದರದಲ್ಲೇ ಬಿಲ್ಲು. 40 ವ್ಯಾಟಿನ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 6 ಯೂನಿಟ್. 75 ವ್ಯಾಟಿನ ಫ್ಯಾನು ರಾತ್ರಿ ಹತ್ತು ತಾಸು ತಿರುಗಿದರೆ 22 ಯೂನಿಟ್ ದಾಟುತ್ತದೆ. ಅಂದರೆ ಬಿಸಿಲು ನಾಡಿನ ಬಡವ ಫ್ಯಾನು ಹಾಕಿದರೆ ಲೆಕ್ಕದಲ್ಲಿ ಬಡವನಾಗಿ ಉಳಿಯುತ್ತಿರಲಿಲ್ಲ. ಮಿತಿಯನ್ನು 40 ಯೂನಿಟ್‌ಗೆ ಏರಿಸಿದ್ದು ಬಹಳ ವರ್ಷಗಳ ನಂತರ.

ಅಷ್ಟರಲ್ಲಿ ಮನೆಗಳೂ ಬದಲಾಗಿದ್ದವು. ಮಣ್ಣಿನ ಮಾಳಿಗೆ ಹೋಗಿ ತಗಡು ಬಂತು. ಬೆಳಗ್ಗೆ ಹತ್ತಕ್ಕೇ ಕಾಯುವ ತಗಡಿನ ಕೆಳಗೆ ಬಾಣಂತಿ, ಕೂಸು ಮಲಗಿರುವ ಮನೆಗೆ ಫ್ಯಾನು ಶೋಕಿಯಲ್ಲ. ಗೂಗಲ್‌ನಿಂದ ಹೊಳೆ ಹರಿಯುವ ದಿಕ್ಕಿಗೇ ಹೋದರೆ ಶಕ್ತಿನಗರ. ಅಲ್ಲಿ 1985ರಿಂದ ಕೃಷ್ಣೆಯ ನೀರು ಬಳಸಿ ಕರೆಂಟು ತಯಾರಾಗುತ್ತಿದೆ, ಈಗಿನ ಸಾಮರ್ಥ್ಯ 1,720 ಮೆಗಾವ್ಯಾಟ್. ಒಂದೇ ಬಲ್ಬಿನ ನಿಯಮ ಬರೆದವರು ಈ ಕಡೆ ಒಂದು ಬೇಸಿಗೆ ಕಳೆದಿದ್ದರೆ ಅದನ್ನು ಹಾಗೆ ಬರೆಯುತ್ತಿದ್ದರೆಂದು ನನಗೆ ಅನಿಸುವುದಿಲ್ಲ.

2023ರ ಗೃಹಜ್ಯೋತಿ 200 ಯೂನಿಟ್‌ವರೆಗೆ ಉಚಿತ ಎಂದಿತು. ಆದರೆ ಒಂದೊಂದು ಮನೆಯ ಪಾಲನ್ನು ಗೊತ್ತು ಮಾಡಿದ್ದು 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ. ಆ ವರ್ಷ ಏಸಿ ಓಡಿಸಿದವರಿಗೆ ದೊಡ್ಡ ಪಾಲು, ಸೆಕೆ ತಡೆದುಕೊಂಡು ಕೂತವರಿಗೆ ಸಣ್ಣದು. ಹಳೆಯ ಒಂದು ಬಲ್ಬಿನ ಲೆಕ್ಕವೇ ಹೊಸ ಬಿಲ್ಲಿನಲ್ಲಿ ಬಂದು ಕೂತಿತು. 2024ರಲ್ಲಿ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಟ್ಟರು. ಅದರಲ್ಲಿ ಒಂದು ಫ್ಯಾನು ದಿನಕ್ಕೆ ನಾಲ್ಕೂವರೆ ತಾಸು ತಿರುಗುತ್ತದೆ.