ಸದಿಶ
‘ಸ’ ಎಂದರೆ ಕೂಡಿದ, ‘ದಿಶಾ’ ಎಂದರೆ ದಿಕ್ಕು. ದಿಕ್ಕನ್ನೂ ಜತೆಗಿಟ್ಟುಕೊಂಡ ಪರಿಮಾಣ ಸದಿಶ. ದಿಕ್ಕಿನ ಗೊಡವೆಯೇ ಇಲ್ಲದ್ದು ಅದಿಶ. ಇಂಗ್ಲಿಷಿನ ವೆಕ್ಟರ್‌ಗೆ ಮೂಲ ‘ಹೊತ್ತೊಯ್ಯುವವನು’ ಎಂಬ ಲ್ಯಾಟಿನ್ ಪದ. ನಮ್ಮದೇ ಹೆಚ್ಚು ಸ್ಪಷ್ಟ ಎನ್ನಿ.

ಬಳಕೆಗೆ ಚಂದ್ರನನ್ನೇ ತೆಗೆದುಕೊಳ್ಳೋಣ. ಅವನ ಮೇಲೆ ಭೂಮಿಯ ಗುರುತ್ವ ಬಲ 1 ಪಾಲಾದರೆ ಸೂರ್ಯನದು ಸುಮಾರು 2.2 ಪಾಲು (ಹೌದು, ಸೂರ್ಯನದೇ ಹೆಚ್ಚು!). ಹಾಗೆಂದು ಒಟ್ಟು ಬಲ ಸದಾ 3.2 ಅಲ್ಲ; ಬಲ ಸದಿಶವಾದ್ದರಿಂದ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಹುಣ್ಣಿಮೆಯಂದು ಎರಡೂ ಒಂದೇ ಕಡೆಗೆ ಎಳೆಯುವುದರಿಂದ 3.2, ಅಮಾವಾಸ್ಯೆಗೆ ಎದುರುಬದುರಾಗಿ 1.2 ಮಾತ್ರ. ಅಷ್ಟಮಿಯ ಆಸುಪಾಸಿನಲ್ಲಿ ಅವು ಪರಸ್ಪರ ಲಂಬ: ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 2.4. ಸದಿಶಗಳನ್ನು ಬಾಣಗಳಾಗಿ ಬರೆದುಕೊಂಡರೆ, ಗುರುಗ್ರಹದ ಸೆಳೆತವನ್ನೂ ಸೇರಿಸಲು ಅದರ ಬಾಣವನ್ನು ಈ ಫಲಿತ ಬಾಣದ ತುದಿಗೆ ಜೋಡಿಸಿದರಾಯಿತು.